ಆ ದಂಡೆಯನ್ನು ಗುಡಿಸಿದವರು ಯಾರು?

ನನಗೆ ಚಿತ್ರಕಲೆ ಗೊತ್ತಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಇದ್ದದ್ದು ಎರಡೇ ಚಿತ್ರ. ಒಂದು ಬಾಬಾಸಾಹೇಬರದು, ಇನ್ನೊಂದು ಗೊಬ್ಬರದಂಗಡಿಯವರು ಪುಗಸಟ್ಟೆ ಕೊಟ್ಟ ಕ್ಯಾಲೆಂಡರಿನ ಲಕ್ಷ್ಮಿಯದು. ಸಮುದ್ರವನ್ನು ನಾನು ಮೊದಲು ಕಂಡದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಇಂಥವನೊಬ್ಬ ಕಡಲಚಿತ್ರದ ಬಗ್ಗೆ ಬರೆಯುವುದೇ ಅಧಿಕಪ್ರಸಂಗ ಅನ್ನುವವರು ಇಲ್ಲಿಗೇ ಪುಟ ಮಗುಚಬಹುದು.

ಕಳೆದ ವರ್ಷ ಒಂದು ಕಾಲೇಜಿನಲ್ಲಿ ಯುದ್ಧ ಮತ್ತು ಕಲೆಯ ಬಗ್ಗೆ ವಿಚಾರಗೋಷ್ಠಿ ಇತ್ತು. ನನ್ನನ್ನು ಕವಿತೆ ಓದಲು ಕರೆದಿದ್ದರು. ನನಗಿಂತ ಮೊದಲು ಮಾತಾಡಿದ ಹಿರಿಯ ವಿಮರ್ಶಕರು ಪರದೆಯ ಮೇಲೆ ಒಂದು ಚಿತ್ರ ಬಿಟ್ಟರು. ನೀಲಿ ಕಡಲು, ಹಡಗುಗಳು, ಕರಿ ಹೊಗೆ, ಇರುವೆ ಸಾಲಿನಂತೆ ಮನುಷ್ಯರು. "ನೋಡಿ, ಇಲ್ಲಿ ಜಾತಿಯಿಲ್ಲ, ವರ್ಗವಿಲ್ಲ. ಮನುಷ್ಯ ಮಾತ್ರ ಇದ್ದಾನೆ. ನಮ್ಮ ಬಂಡಾಯದ ಹುಡುಗರು ಇದರಿಂದ ಕಲಿಯಬೇಕು" ಎಂದು ನನ್ನ ಕಡೆ ತಿರುಗಿ ನಕ್ಕರು. ಸಭೆಯೂ ನಕ್ಕಿತು. ಅವತ್ತು ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ಕವಿತೆ ಓದಿ, ಅವರು ಕೊಟ್ಟ ಶಾಲನ್ನು ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿದೆ.

ಆಮೇಲೆ ಆ ಚಿತ್ರದ ಬೆನ್ನು ಹತ್ತಿದೆ. ಅವತ್ತು ಹೇಳಲಾಗದ ಉತ್ತರ ಇದು.

ಚಿತ್ರದ ಹೆಸರು 'ಡನ್‌ಕರ್ಕ್‌ನಿಂದ ಹಿಂದೆಗೆತ'. ಬರೆದವನು ರಿಚರ್ಡ್ ಯೂರಿಚ್ ಎಂಬ ಇಂಗ್ಲಿಷ್ ಕಲಾವಿದ, 1940ರಲ್ಲಿ. ಈಗ ಲಂಡನ್ನಿನ ಗ್ರೀನಿಚ್‌ನಲ್ಲಿರುವ ರಾಷ್ಟ್ರೀಯ ಕಡಲ ಮ್ಯೂಸಿಯಮ್ಮಿನಲ್ಲಿದೆ. ಫ್ರಾನ್ಸಿನ ಉತ್ತರ ತುದಿಯ ಡನ್‌ಕರ್ಕ್ ಬಂದರಿನಲ್ಲಿ ಹಿಟ್ಲರನ ಸೇನೆ ಬ್ರಿಟಿಷರನ್ನೂ ಫ್ರೆಂಚರನ್ನೂ ಸುತ್ತುಗಟ್ಟಿತ್ತು. 1940ರ ಮೇ 26ರಿಂದ ಜೂನ್ 4ರವರೆಗೆ ಹಡಗು ದೋಣಿಗಳಲ್ಲಿ 3,38,226 ಜನರನ್ನು ಇಂಗ್ಲೆಂಡಿಗೆ ಸಾಗಿಸಿದರು. ಆ ಬಿಡುಗಡೆಯ ಚಿತ್ರ ಇದು.

ಚಿತ್ರ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಹಿಡಿಸಿತು. ಎಣ್ಣೆ ಟ್ಯಾಂಕುಗಳು ಉರಿದು ಎದ್ದ ಹೊಗೆ ಆಕಾಶವನ್ನೇ ತಿಂದುಹಾಕುತ್ತಿದೆ, ಆದರೆ ನೀರು ಮಾತ್ರ ಕೆರೆಯ ನೀರಿನಷ್ಟು ತಣ್ಣಗಿದೆ. ಬೆಂಕಿಯ ಪಕ್ಕದಲ್ಲೇ ಆ ತಣ್ಣನೆಯ ನೀಲಿಯನ್ನು ಇಟ್ಟ ಕೈ ಸಾಮಾನ್ಯದ್ದಲ್ಲ. ಆದರೆ ಎಲ್ಲವೂ ದೂರದಿಂದ, ತುಸು ಎತ್ತರದಿಂದ ಕಾಣುತ್ತದೆ. ಮನುಷ್ಯರಿಗೆ ಮುಖವಿಲ್ಲ. ಮುಖವಿಲ್ಲದ್ದನ್ನೇ ನಮ್ಮ ವಿಮರ್ಶಕರು ಜಾತಿಯಿಲ್ಲ ವರ್ಗವಿಲ್ಲ ಎಂದು ಓದಿಕೊಂಡದ್ದು. ದೂರದಿಂದ ನೋಡಿದರೆ ನಮ್ಮೂರಿನಲ್ಲೂ ಜಾತಿ ಕಾಣಿಸುವುದಿಲ್ಲ ಸ್ವಾಮಿ. ಬೆಟ್ಟದ ಮೇಲೆ ನಿಂತು ನೋಡಿ. ಹೆಂಚು, ತೆಂಗು, ಹೊಗೆ, ಎಷ್ಟು ಚಂದ! ಕೆಳಗಿಳಿದು ಬನ್ನಿ, ಕೇರಿ ಎಲ್ಲಿದೆ ಎಂದು ಕೇಳಿ. ಸಣ್ಣ ಮಗುವೂ ಬೆರಳು ತೋರಿಸುತ್ತದೆ.

ಈ ಚಿತ್ರದೊಳಕ್ಕೂ ಇಳಿದು ನೋಡೋಣ.

ಯೂರಿಚ್ ಡನ್‌ಕರ್ಕ್‌ಗೆ ಹೋಗಿಯೇ ಇರಲಿಲ್ಲ. ಯುದ್ಧಚಿತ್ರಗಳನ್ನು ಬರೆಸಲು ಬ್ರಿಟಿಷ್ ಸರ್ಕಾರ ಒಂದು ಸಮಿತಿ ಮಾಡಿತ್ತು. ಅದಕ್ಕೆ ತಾನೇ ಕಾಗದ ಬರೆದು, ಈ ಘಟನೆಯನ್ನು ನಾನು ಬರೆಯುತ್ತೇನೆ, ನಮ್ಮ ನಾಡಿನ ಕಡಲಚಿತ್ರದ ಪರಂಪರೆ ಮುಂದುವರಿಯಬೇಕು ಎಂದು ಕೇಳಿಕೊಂಡ. ಫೋಟೋಗಳನ್ನು, ಕಂಡವರ ಮಾತುಗಳನ್ನು ಇಟ್ಟುಕೊಂಡು ಬರೆದ. ಕಾಣದೆ ಬರೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಕವಿಗಳು ನಾವೆಲ್ಲ ಕಂಡೇ ಬರೆಯುತ್ತೇವೆಯೆ? ಆದರೆ 'ಪರಂಪರೆ' ಎಂಬ ಮಾತು ಬಂದ ಕೂಡಲೇ ನನ್ನ ಕಿವಿ ನಿಮಿರುತ್ತದೆ. ಯಾರ ಪರಂಪರೆ? ಯಾರ ದುಡ್ಡಿನದು?

ಇಂಗ್ಲೆಂಡಿನ ಕಡಲಚಿತ್ರ ಶುರುವಾದದ್ದೇ ಅರಮನೆಯ ಸಂಬಳದಲ್ಲಿ. 1670ರ ದಶಕದಲ್ಲಿ ಹಾಲೆಂಡಿನಿಂದ ಬಂದ ವಾನ್ ಡಿ ವೆಲ್ಡೆ ಎಂಬ ಅಪ್ಪ ಮಗ ಇಬ್ಬರಿಗೂ ರಾಜ ಎರಡನೆಯ ಚಾರ್ಲ್ಸ್ ವರ್ಷಕ್ಕೆ ನೂರು ನೂರು ಪೌಂಡು ಗೊತ್ತುಮಾಡಿದ. ಅಪ್ಪ ಕಡಲ ಕಾಳಗದ ಗೆರೆ ಎಳೆಯಬೇಕು, ಮಗ ಅದಕ್ಕೆ ಬಣ್ಣ ತುಂಬಬೇಕು. ಅವರು ಕೂತು ಬರೆದ ಗ್ರೀನಿಚ್‌ನ ರಾಣಿಮನೆ ಈಗ ಅದೇ ಕಡಲ ಮ್ಯೂಸಿಯಮ್ಮಿಗೆ ಸೇರಿದ ಕಟ್ಟಡ.

ಈ ಪರಂಪರೆಯೊಳಗೇ ಒಬ್ಬ ಬೇರೆ ಥರದವನು ಬಂದ, ಟರ್ನರ್. 1840ರಲ್ಲಿ ಅವನು ಗುಲಾಮರ ಹಡಗಿನ ಚಿತ್ರವನ್ನು ಪ್ರದರ್ಶನಕ್ಕಿಟ್ಟ. ಸತ್ತವರನ್ನೂ ಸಾಯುತ್ತಿರುವವರನ್ನೂ ಹಡಗಿನವರು ಕಡಲಿಗೆ ಎಸೆಯುತ್ತಿದ್ದಾರೆ. ಬೇಡಿ ಹಾಕಿದ ಕರಿಯ ಕಾಲೊಂದು ನೀರಿನ ಮೇಲೆ ಎದ್ದಿದೆ. ವಿಮೆಯ ಹಣಕ್ಕಾಗಿ 1781ರಲ್ಲಿ ಝಾಂಗ್ ಎಂಬ ಹಡಗಿನವರು ನೂರಕ್ಕೂ ಹೆಚ್ಚು ಆಫ್ರಿಕನ್ನರನ್ನು ಜೀವಸಹಿತ ನೀರಿಗೆಸೆದಿದ್ದರಲ್ಲ, ಆ ಕಥೆ ಇದರ ಹಿಂದಿದೆ. ಇದನ್ನು ರಸ್ಕಿನ್ ಎಂಬ ದೊಡ್ಡ ವಿಮರ್ಶಕ ಹಾಡಿ ಹೊಗಳಿದ. ಏನನ್ನು ಹೊಗಳಿದ ಗೊತ್ತೆ? ನೀರನ್ನು! ಅಲೆಯ ಬಣ್ಣವನ್ನು, ಸಂಜೆಯ ಬೆಳಕನ್ನು. ಇದು ಗುಲಾಮರ ಹಡಗು, ಮನುಷ್ಯರನ್ನು ಎಸೆಯುತ್ತಿದ್ದಾರೆ ಎಂಬ ಮಾತು ಪುಟದ ಕೆಳಗಿನ ಅಡಿಟಿಪ್ಪಣಿಗೆ ಹೋಯಿತು.

ಗೆಳೆಯರೆ, ನಮ್ಮ ಜಾಗ ಯಾವತ್ತೂ ಅದೇ. ಊರಾಚೆ ಕೇರಿ, ಪುಟದ ಕೆಳಗೆ ಅಡಿಟಿಪ್ಪಣಿ.

ಡನ್‌ಕರ್ಕ್‌ನ ಅಡಿಟಿಪ್ಪಣಿಯಲ್ಲಿ ಯಾರಿದ್ದಾರೆ? ಅಲ್ಲಿ ಹಿಂದೂಸ್ಥಾನದ ಸಿಪಾಯಿಗಳಿದ್ದರು. ಬ್ರಿಟಿಷ್ ಸೇನೆ ಮೋಟಾರು ನಂಬಿಕೊಂಡು ತನ್ನ ಹೇಸರಗತ್ತೆಗಳನ್ನು ಕೈಬಿಟ್ಟಿತ್ತು. ಯುದ್ಧ ಬಂದಾಗ ಕೆಸರಿನಲ್ಲಿ ಹೊರೆ ಹೊರಲು ಇಲ್ಲಿಂದ ಹೇಸರಗತ್ತೆಗಳನ್ನೂ ಅವುಗಳ ಆಳುಗಳನ್ನೂ ತರಿಸಿಕೊಂಡಿತು. 1939ರ ಡಿಸೆಂಬರಿನಲ್ಲಿ ಬೊಂಬಾಯಿಯಿಂದ ಹೋಗಿ ಮಾರ್ಸೇಲ್ಸ್‌ನಲ್ಲಿ ಇಳಿದವರು ಅವರು, ಬಹುಪಾಲು ಪಂಜಾಬು ಮತ್ತು ವಾಯವ್ಯ ಗಡಿಯ ಮುಸಲ್ಮಾನರು. ಅವರಲ್ಲಿ ಸುಮಾರು 300 ಜನ ಡನ್‌ಕರ್ಕ್‌ನಿಂದ ಹಡಗು ಹತ್ತಿದರು, ಮೇಜರ್ ಅಕ್ಬರ್ ಖಾನ್ ಅವರೊಂದಿಗಿದ್ದ ಅಧಿಕಾರಿ. ಜಮಾದಾರ್ ಮೌಲಾ ದಾದ್ ಖಾನ್ ಎಂಬವನಿಗೆ ಅಲ್ಲಿ ತೋರಿದ ಧೈರ್ಯಕ್ಕೆ ಪದಕವೂ ಬಂತು. ಮುದ್ದಿನಿಂದ ಸಾಕಿದ ಪ್ರಾಣಿಗಳನ್ನು ಅಲ್ಲೇ ಬಿಟ್ಟು ಬಂದರು. ಇನ್ನೊಂದು ತುಕಡಿಯ ಬಹುಪಾಲು ಬೇರೆ ಕಡೆ ಜರ್ಮನರ ಸೆರೆಗೆ ಬಿತ್ತು. 2017ರಲ್ಲಿ ಡನ್‌ಕರ್ಕ್ ಮೇಲೆ ಕೋಟಿ ಕೋಟಿ ಸುರಿದು ಸಿನಿಮಾ ಮಾಡಿದರಲ್ಲ, ಅದರಲ್ಲೂ ಇವರು ಕಾಣಲಿಲ್ಲ. ಎಪ್ಪತ್ತೇಳು ವರ್ಷ ಕಳೆದಿದ್ದರೂ.

ಹಡಗುಗಳ ಹೊಟ್ಟೆಯೊಳಗೆ ಕಲ್ಲಿದ್ದಲು ಎಸೆಯುತ್ತಿದ್ದವರ ಕಥೆ ಇನ್ನೊಂದು. ಬ್ರಿಟನ್ನಿನ ವ್ಯಾಪಾರಿ ಹಡಗುಗಳ ನಾವಿಕರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬ ಲಸ್ಕರ್, ಅಂದರೆ ಸಿಲ್ಹೆಟ್, ಚಿತ್ತಗಾಂಗು, ಗುಜರಾತು, ಕೊಂಕಣದ ಕಡೆಯ ಬಡವ. ಯುದ್ಧ ಶುರುವಾದಾಗ ಇವನ ಸಂಬಳ ಬಿಳಿಯ ನಾವಿಕನ ಸಂಬಳದ ಕಾಲುಭಾಗ ಇದ್ದರೆ ಹೆಚ್ಚು. 1939ರಲ್ಲಿ ಲಸ್ಕರರು ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದರು. ಕೆಲವರನ್ನು ಜೈಲಿಗೆ ಹಾಕಿದರು. ಯುದ್ಧ ಮುಗಿಯುವಷ್ಟರಲ್ಲಿ ಅವರಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ನೀರುಪಾಲಾಗಿದ್ದರು.

ಸಣ್ಣ ದೋಣಿಯವರ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಲೀ-ಆನ್-ಸೀ ಊರಿನಿಂದ ಚಿಪ್ಪು ಹೆಕ್ಕಿ ಬದುಕುವವರ ಆರು ದೋಣಿಗಳು ಹೋದವು. ಒಂದು ದೋಣಿ ಮರಳಿ ಬರುವಾಗ ಸಿಡಿಗುಂಡಿಗೆ ತಾಗಿ ಅದರಲ್ಲಿದ್ದ ನಾಲ್ವರೂ ಸತ್ತರು. ಅವರು ನಮ್ಮವರು. ನನ್ನ ಜಗಳ ಅವರ ಹೆಣದ ಮೇಲೆ ಕಥೆ ಕಟ್ಟಿದವರ ಜೊತೆ. ಸಣ್ಣ ದೋಣಿಗಳು ನಾಡನ್ನು ಉಳಿಸಿದವು ಎಂಬುದು ಆ ಕಥೆ. ಲೆಕ್ಕ ನೋಡಿ. 2,39,446 ಜನ ಹತ್ತಿದ್ದು ಬಂದರಿನಿಂದ, ಮುಖ್ಯವಾಗಿ ಅಲೆ ತಡೆಯಲು ಕಟ್ಟಿದ್ದ ಉದ್ದನೆಯ ಗೋಡೆಯ ಮೇಲಿಂದ ನೇರ ಹಡಗಿಗೆ. ಮರಳ ದಂಡೆಯಿಂದ ಹೋದವರು 98,780. ಇನ್ನು ಕಡೆಯ ದಿನದವರೆಗೆ ಜರ್ಮನರನ್ನು ತಡೆದು ನಿಂತ ಫ್ರೆಂಚ್ ಸಿಪಾಯಿಗಳಲ್ಲಿ 35,000ಕ್ಕೂ ಹೆಚ್ಚು ಜನರಿಗೆ ದೋಣಿ ಬರಲೇ ಇಲ್ಲ.

ಯೂರಿಚ್‌ನ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. 1942ರಲ್ಲಿ ಅವನೇ ಇನ್ನೊಂದು ಚಿತ್ರ ಬರೆದ. ಹಡಗು ಮುಳುಗಿದೆ, ಬದುಕಿದವರು ಮಗುಚಿದ ದೋಣಿಗೆ ಅಂಟಿಕೊಂಡಿದ್ದಾರೆ, ಸುತ್ತ ಬರಿಯ ನೀರು. ಈ ಸಲ ಅವನು ದೂರದಲ್ಲಿ ನಿಲ್ಲಲಿಲ್ಲ. ಇದನ್ನು ನೋಡಿದರೆ ವ್ಯಾಪಾರಿ ಹಡಗಿನ ನಾವಿಕರು ಎದೆಗುಂದುತ್ತಾರೆಂದು ಪ್ರದರ್ಶನದಿಂದ ಇಳಿಸಿಬಿಟ್ಟರು. ಒಬ್ಬನೇ ಕಲಾವಿದ, ಅದೇ ಕುಂಚ. ಪಾರಾದ ಸೇನೆಗೆ ಗೋಡೆ ಸಿಕ್ಕಿತು, ಮುಳುಗಿದ ಕೂಲಿಗಾರನಿಗೆ ಕತ್ತಲ ಕೋಣೆ. ಕಲೆ ಶುದ್ಧ, ರಾಜಕೀಯ ಹೊಲಸು ಅನ್ನುವ ನಮ್ಮ ಪಂಡಿತರು ಇದಕ್ಕೆ ಏನು ಹೇಳುತ್ತಾರೋ.

ಇಷ್ಟೆಲ್ಲ ಓದಿಕೊಂಡು ಬೀಗುತ್ತಾ ಊರಿಗೆ ಹೋದೆ. ನಮ್ಮವ್ವ ಹತ್ತಿರದ ಪಟ್ಟಣದಲ್ಲಿ ಪೌರಕಾರ್ಮಿಕಳು. ರಾತ್ರಿ ಉಂಡಮೇಲೆ ಫೋನಿನಲ್ಲಿ ಆ ಚಿತ್ರ ತೋರಿಸಿದೆ. ಅವ್ವ ಕಣ್ಣು ಕಿರಿದು ಮಾಡಿ ಬಾಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಮಗ, ಇಷ್ಟೊಂದ್ ಜನ ಹೊಂಟೋದ್ಮೇಲೆ ಆ ದಂಡೇನ ಯಾರ್ ಗುಡ್ಸುದ್ರು?"

ನಾನು ನಕ್ಕುಬಿಟ್ಟೆ. ನಕ್ಕಮೇಲೆ ನಾಚಿಕೆಯಾಯಿತು. ಇಷ್ಟು ಪುಸ್ತಕ ಓದಿದ ನನಗೆ ಹೊಳೆಯದ್ದು ಅವಳಿಗೆ ಒಂದು ನೋಟಕ್ಕೆ ಹೊಳೆದಿತ್ತು. ಬ್ರಿಟಿಷರು ಆ ನೆಲದಲ್ಲಿ ಬಿಟ್ಟುಹೋದದ್ದು 2,000ಕ್ಕೂ ಹೆಚ್ಚು ತೋಪು, 60,000ಕ್ಕೂ ಹೆಚ್ಚು ವಾಹನ. ಹೆಣಗಳು, ಸತ್ತ ಪ್ರಾಣಿಗಳು, ಬೂಟು, ಬಟ್ಟೆ ಬೇರೆ. ತೆರವು ಮಾಡಿ ಹೋಗುವವರ ಚಿತ್ರ ಬರೆಯುತ್ತಾರೆ, ಉಳಿದದ್ದನ್ನು ಬಳಿಯುವವರದ್ದನ್ನು ಯಾವ ಸಮಿತಿಯೂ ಬರೆಸುವುದಿಲ್ಲ.

ಅವ್ವನ ಪ್ರಶ್ನೆ ನನ್ನನ್ನು ಡನ್‌ಕರ್ಕ್‌ನಿಂದ ಎಬ್ಬಿಸಿ ಇನ್ನೊಂದು ಬಂದರಿಗೆ ಕರೆದುಕೊಂಡು ಹೋಯಿತು. ಅದೇ ಯುದ್ಧ, ಅದೇ ಬ್ರಿಟಿಷ್ ಸಾಮ್ರಾಜ್ಯ, ಒಂದೂವರೆ ವರ್ಷ ಆಮೇಲೆ. ಬರ್ಮಾದ ರಂಗೂನ್.

ಆ ಕಾಲದ ರಂಗೂನಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತೀಯರೇ. ಚೆಟ್ಟಿಯಾರರು, ವರ್ತಕರು, ಗುಮಾಸ್ತರು ಇದ್ದರು, ನಿಜ. ಆದರೆ ಬಂದರಿನಲ್ಲಿ ಮೂಟೆ ಹೊತ್ತವರು, ರಿಕ್ಷಾ ಎಳೆದವರು, ಬೀದಿ ಗುಡಿಸಿದವರು, ಕಕ್ಕಸು ಬಳಿದವರು ಬಹುಪಾಲು ತೆಲುಗು ಕರಾವಳಿಯಿಂದ ಹೋದ ಕೂಲಿಗಳು. ಅವರನ್ನು ಅಲ್ಲಿ 'ಕೊರಂಗಿ'ಗಳು ಅನ್ನುತ್ತಿದ್ದರು, ಕಾಕಿನಾಡದ ಹತ್ತಿರದ ಹಳೆಯ ಬಂದರು ಕೊರಂಗಿಯ ಹೆಸರು ಅವರ ಹಣೆಗೆ ಅಂಟಿತ್ತು. ಅವರಲ್ಲಿ ಎಷ್ಟೋ ಜನ ನಮ್ಮಂಥ ಕೇರಿಗಳಿಂದಲೇ ಹೋದವರು. ಕಡಲು ದಾಟಿದರೆ ಜಾತಿ ಹೋಗುತ್ತದೆ ಎಂದು ಶಾಸ್ತ್ರ ಹೇಳುತ್ತದೆ. ಹೋಗಲಿಲ್ಲ ಕಣ್ರೀ. ಪೊರಕೆಯ ಜೊತೆ ಅದೂ ಹಡಗು ಹತ್ತಿತು.

1941ರ ಡಿಸೆಂಬರ್ 23 ಮತ್ತು 25ರಂದು ಜಪಾನೀಯರು ರಂಗೂನಿನ ಮೇಲೆ ಬಾಂಬು ಹಾಕಿದರು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೂಲಿಗಳು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಉತ್ತರಕ್ಕೆ, ಪ್ರೋಮ್ ಊರಿನ ದಾರಿ ಹಿಡಿದರು. ಅಲ್ಲಿಂದ ಬೆಟ್ಟ ದಾಟಿ ಅರಾಕಾನ್ ಕಡಲಿಗೆ, ಅಲ್ಲಿಂದ ಚಿತ್ತಗಾಂಗಿಗೆ ನಡೆದು ಹೋಗುವ ಆಸೆ. ಆಗ ದೊರೆಗಳಿಗೆ ಎಚ್ಚರವಾಯಿತು. ಅಯ್ಯೋ, ಹಡಗಿನ ಸಾಮಾನು ಇಳಿಸುವವರಿಲ್ಲ, ಕಕ್ಕಸು ತುಂಬಿ ನಾರುತ್ತಿವೆ! ಹೊರಟವರಲ್ಲಿ ಸಾವಿರಾರು ಜನರನ್ನು ತಡೆದು, ಪುಸಲಾಯಿಸಿ, ರಂಗೂನಿಗೆ ವಾಪಸು ತಿರುಗಿಸಿದರು. ಹಡಗಿನಲ್ಲಾದರೂ ಹೋಗೋಣವೆಂದರೆ ಬಡವನ ಡೆಕ್ ಟಿಕೆಟ್ಟಿಗೇ ಕಡಿವಾಣ, ಅದೂ ದುಡಿಯುವ ಗಂಡಾಳಿಗೆ. ಕ್ಯಾಬಿನ್ನಿನ ಟಿಕೆಟ್ಟು ಕೊಳ್ಳುವವರಿಗೆ ಆ ಕಷ್ಟವಿಲ್ಲ.

ಡನ್‌ಕರ್ಕ್‌ನಲ್ಲಿ ದೋಣಿ ಮನುಷ್ಯನನ್ನು ಹುಡುಕಿಕೊಂಡು ಬಂತು. ರಂಗೂನಿನಲ್ಲಿ ಹಡಗಿನ ಹತ್ತಿರ ಹೋದ ಮನುಷ್ಯನ ಕೈಗೆ ಮತ್ತೆ ಪೊರಕೆ ಕೊಟ್ಟರು.

1942ರ ಮಾರ್ಚ್ 8ರಂದು ರಂಗೂನ್ ಜಪಾನೀಯರ ಕೈಗೆ ಬಿತ್ತು. ಆಮೇಲೆ ಉಳಿದದ್ದು ಕಾಲು ಮಾತ್ರ. ಸುಮಾರು 5 ಲಕ್ಷ ಜನ ಕಾಡು ಬೆಟ್ಟ ತುಳಿದು ಅಸ್ಸಾಮಿಗೆ, ಮಣಿಪುರಕ್ಕೆ, ಬಂಗಾಳಕ್ಕೆ ಬಂದರು. ಆ ಕಾಡಿನಲ್ಲೂ ಎರಡು ದಾರಿ. ನೀರು, ಅನ್ನ, ತಂಗುವ ಜಾಗ ಇದ್ದದ್ದನ್ನು ಜನ ಬಿಳಿ ದಾರಿ ಎಂದರು, ಇನ್ನೊಂದನ್ನು ಕರಿ ದಾರಿ. ಈ ಭೇದದ ಬಗ್ಗೆ ಆಗಲೇ ಕಾಂಗ್ರೆಸ್ಸಿನವರು, ಗಾಂಧಿ ಮೊದಲಾಗಿ, ದನಿ ಎತ್ತಿದ್ದರು. ಒಳ್ಳೆಯದೇ. ಊರಿನಲ್ಲಿ ಎರಡು ಬಾವಿ, ಎರಡು ಮಸಣ ಕಂಡವರಿಗೆ ಕಾಡಿನ ಎರಡು ದಾರಿ ಹೊಸದಾಗಿ ಕಂಡಿರಬೇಕು!

ಕಾಲರಾ, ಮಲೇರಿಯಾ, ಹಸಿವು. ಎಷ್ಟು ಜನ ಸತ್ತರು? ಹತ್ತು ಸಾವಿರ ಎನ್ನುವವರಿದ್ದಾರೆ, ಐವತ್ತು ಸಾವಿರ ಎನ್ನುವವರಿದ್ದಾರೆ, ಅದಕ್ಕೂ ಹೆಚ್ಚು ಎನ್ನುವವರಿದ್ದಾರೆ. ಡನ್‌ಕರ್ಕ್‌ನಲ್ಲಿ ಬದುಕಿದವರ ಲೆಕ್ಕ ಬಿಡಿಸ್ಥಾನದ ಆರರವರೆಗೆ ಇದೆ. ಇಲ್ಲಿ ಸತ್ತವರ ಲೆಕ್ಕ ಹತ್ತು ಸಾವಿರದಿಂದ ಹತ್ತು ಸಾವಿರಕ್ಕೆ ಜಾರುತ್ತದೆ.

ಇದೇ ಹೊತ್ತಿಗೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಹಳೆಯ ಚಿತ್ರಗಳು ಎಲ್ಲಿದ್ದವು ಗೊತ್ತೆ? ಬಾಂಬಿಗೆ ಹೆದರಿ ಅವನ್ನು ಊರು ಬಿಡಿಸಿದ್ದರು. 1941ರಿಂದ ವೇಲ್ಸ್‌ನ ಮಾನೋಡ್ ಎಂಬ ಕಲ್ಲುಗಣಿಯೊಳಗೆ, ತೇವ ತಗುಲದ ಹಾಗೆ, ಬಿಸಿ ತಂಪು ನೋಡಿಕೊಂಡು ಇಟ್ಟಿದ್ದರು. ಖಾಲಿಯಾದ ಗ್ಯಾಲರಿಯ ಗೋಡೆಗಳ ಮೇಲೆಯೇ ಯೂರಿಚ್ ಮುಂತಾದವರ ಯುದ್ಧಚಿತ್ರಗಳು ತೂಗಿದ್ದು. ಬಟ್ಟೆಯ ಮೇಲಿನ ಬಣ್ಣಕ್ಕೂ ದಾರಿ ಸಿಕ್ಕಿತು. ರಂಗೂನಿನ ಕಕ್ಕಸು ಬಳಿಯುವವನಿಗೆ ಸಿಗಲಿಲ್ಲ.

ಕಡೆಗೆ ದೋಣಿಯ ಮಾತು. ಸಣ್ಣ ದೋಣಿಗಳನ್ನು ಹಾಡಿ ಹೊಗಳಿದ ಅದೇ ಸಾಮ್ರಾಜ್ಯ ಎರಡೇ ವರ್ಷದಲ್ಲಿ ಬಂಗಾಳದ ಸಣ್ಣ ದೋಣಿಗಳನ್ನು ಏನು ಮಾಡಿತು ನೋಡಿ. 1942ರಲ್ಲಿ, ಜಪಾನೀಯರು ಬಂದರೆ ಅವರ ಕೈಗೆ ಸಿಗಬಾರದೆಂದು, ಹತ್ತು ಜನರಿಗಿಂತ ಹೆಚ್ಚು ಹಿಡಿಸುವ ದೋಣಿಗಳನ್ನೆಲ್ಲ ಕರಾವಳಿ ಜಿಲ್ಲೆಗಳಲ್ಲಿ ಕಿತ್ತುಕೊಂಡರು, ಮುಳುಗಿಸಿದರು, ಸುಟ್ಟರು. 40,000ಕ್ಕೂ ಹೆಚ್ಚು ದೋಣಿಗಳು ಹೋದವು. ಬಂಗಾಳದ ಆ ಜೌಗು ಸೀಮೆಯಲ್ಲಿ ದೋಣಿಯೆಂದರೆ ಎತ್ತು, ಗಾಡಿ, ರಸ್ತೆ ಎಲ್ಲವೂ. ಮೀನು ಹಿಡಿಯುವ ಮಾಲೋಗಳು, ಕೈವರ್ತರು, ನದಿ ನಡುವಿನ ದಿಣ್ಣೆಗಳಲ್ಲಿ ಬೇಸಾಯ ಮಾಡುವ ನಾಮಶೂದ್ರರು, ಬಡ ಮುಸಲ್ಮಾನರು, ಮಡಕೆ ಮಾರಲು ಹೋಗುವ ಕುಂಬಾರರು. ಇವರ ಬದುಕೇ ಅಲ್ಲಿಗೆ ಮುಳುಗಿತು. ಮರುವರ್ಷ ಬಂದ ಬರಗಾಲದಲ್ಲಿ, ಸರ್ಕಾರಿ ಆಯೋಗದ ಲೆಕ್ಕದಲ್ಲೇ 15 ಲಕ್ಷ, ಆಮೇಲಿನವರ ಲೆಕ್ಕದಲ್ಲಿ 30 ಲಕ್ಷ ಜನ ಸತ್ತರು. ಬರಕ್ಕೆ ಕಾರಣ ದೋಣಿಯೊಂದೇ ಅಲ್ಲ. ಬರ್ಮಾದ ಅಕ್ಕಿ ನಿಂತಿತ್ತು, ಬೆಲೆ ಮುಗಿಲು ಮುಟ್ಟಿತ್ತು, ದಾಸ್ತಾನುಕೋರರು ನಮ್ಮವರೇ ಇದ್ದರು. ಆದರೆ ಮೊದಲು ಸತ್ತವರ ಪಟ್ಟಿ ನೋಡಿದರೆ ಭೂಮಿಯಿಲ್ಲದ ಕೂಲಿಯ ಪಕ್ಕದಲ್ಲೇ ದೋಣಿ ಕಳೆದುಕೊಂಡ ಬೆಸ್ತನಿದ್ದಾನೆ.

ಅವರನ್ನು ಬರೆದವನೊಬ್ಬನಿದ್ದ, ಚಿತ್ತಪ್ರಸಾದ್. ಭಟ್ಟಾಚಾರ್ಯ ಎಂಬ ಜಾತಿಯ ಬಾಲವನ್ನು ತಾನೇ ಕತ್ತರಿಸಿ ಎಸೆದವನು. ಕಾಲ್ನಡಿಗೆಯಲ್ಲಿ ಮಿಡ್ನಾಪುರ ಸುತ್ತಿ, ಕರಿ ಮಸಿಯಲ್ಲಿ ಮೂಳೆ ಮೂಳೆ ಬರೆದ. ಅವನ ಮನುಷ್ಯರಿಗೆ ಮುಖ ಇದೆ, ಹೆಸರು ಊರು ಕೂಡ ಬರೆದಿಟ್ಟಿದ್ದಾನೆ. 'ಹಸಿದ ಬಂಗಾಳ' ಎಂದು ಪುಸ್ತಕವಾಗಿ ಬಂದಾಗ ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ಜಪ್ತಿ ಮಾಡಿ ಸುಟ್ಟಿತು. ವಿಮರ್ಶಕರೆ, ನೀವು ನಮಗೆ ಕಲಿಯಲು ಹೇಳಿದಿರಲ್ಲ, ಒಬ್ಬನಿಗೆ ಗೋಡೆ, ಒಬ್ಬನಿಗೆ ಬೆಂಕಿ ಕೊಟ್ಟದ್ದು ಒಂದೇ ಸರ್ಕಾರ. ಇದನ್ನು ಕಲಿತಿದ್ದೇವೆ. ಮುಂದಿನ ಗೋಷ್ಠಿಯಲ್ಲಿ ಎರಡನ್ನೂ ಅಕ್ಕಪಕ್ಕ ಪರದೆಯ ಮೇಲೆ ಬಿಡಿ, ನಾನು ಕವಿತೆ ಓದದೆ ಸುಮ್ಮನೆ ಕೂತಿರುತ್ತೇನೆ. ಹಳ್ಳಿ ಶಾಲೆಯ ಮೇಷ್ಟ್ರುಗಳಿಗೂ ನನ್ನ ಕೋರಿಕೆ ಇದೇ. ಎರಡನೇ ಮಹಾಯುದ್ಧದ ಪಾಠ ಬಂದಾಗ ಡನ್‌ಕರ್ಕ್ ಹೇಳಿಕೊಡಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಗಂಟೆಯಲ್ಲಿ ಪ್ರೋಮ್ ದಾರಿಯಿಂದ ತಿರುಗಿ ಕಳಿಸಿದವರನ್ನೂ ಹೇಳಿ.

ಅವತ್ತು ರಾತ್ರಿ ಅವ್ವನಿಗೆ ರಂಗೂನಿನ ಕಥೆಯನ್ನೂ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. "ಕೊರೊನಾದಾಗ ನಮ್ಗೂ ಅಂಗೇ ಅಲ್ವ" ಅಂದಳು. ಹೌದು. 2020ರ ಮಾರ್ಚಿನಲ್ಲಿ ಇಡೀ ದೇಶಕ್ಕೆ ಮನೆಯೊಳಗಿರಿ ಅಂದರು, ಇವಳಿಗೆ ಮಾತ್ರ ಬೆಳಿಗ್ಗೆ ಐದಕ್ಕೆ ಹಾಜರಿ. ಜನ ತಟ್ಟೆ ಬಡಿದರು. ಯಾರೋ ಒಂದು ದಿನ ಬೀದಿಯಲ್ಲಿ ನಿಲ್ಲಿಸಿ ಹಾರ ಹಾಕಿದರು, ಫೋಟೋ ತೆಗೆದುಕೊಂಡರು. ಆ ತಿಂಗಳ ಸಂಬಳ ಎರಡು ತಿಂಗಳು ತಡವಾಗಿ ಬಂತು. ಹಾರದ ಹೂವು ಬೀದಿಯಲ್ಲಿ ಉದುರಿತ್ತಲ್ಲ, ಅದನ್ನೂ ತಾನೇ ಗುಡಿಸಿದೆ ಎಂದು ಹೇಳಿ ನಕ್ಕಳು.

ಫೋನಿನಲ್ಲಿ ಚಿತ್ರ ಇನ್ನೂ ತೆರೆದೇ ಇತ್ತು. ಅವ್ವ ಇನ್ನೊಂದು ಸಲ ನೋಡಿ, "ಆ ನೀಲಿ ಚೆಂದಾಗದೆ ಕಣ" ಅಂದಳು. ಆಮೇಲೆ ನಾಲ್ಕೂವರೆಗೆ ಅಲಾರಂ ಇಡು ಎಂದು ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು.